ಅಡಿ ತಗಡು

ಮಂಗಳವಾರ ಟೆಸ್ಟು. ಬ್ರೇಕ್ ಇನ್‌ಸ್ಪೆಕ್ಟರು
ಮೇಲಿನಿಂದ ನೋಡಿ ಹೋಗುವವನಲ್ಲ, ಬಗ್ಗುತ್ತಾನೆ.
ಹಾಗಾಗಿ ಶುಕ್ರವಾರ, ಜುಮಾ ಮುಗಿದ ಮೇಲೆ,
ಕುಂಬಳೆಯಲ್ಲಿ ಅಂದುಂಞಿಯ ಗುಂಡಿಯ ಮೇಲೆ
ನನ್ನ ಓಮ್ನಿ ನಿಂತಿದೆ, ಕೆಎಲ್ ಹದಿನಾಲ್ಕು,
ನಾಲ್ಕು ಸ್ಪೀಕರು, ಎರಡು ಆಂಪ್ಲಿಫಯರು, ಒಂದು ಜನರೇಟರು
ಎಲ್ಲ ಇಳಿಸಿಟ್ಟು,
ಆಪರೇಶನ್ನಿಗೆ ಮುಂಚೆ ಬಳೆ ಕಳಚಿಟ್ಟ ಹೆಂಗಸಿನ ಹಾಗೆ.

ನಾನು ಕೆಳಗೆ. ಕೈಯಲ್ಲಿ ಸ್ಕ್ರೂಡ್ರೈವರು.
ಹಿಡಿಯಿಂದ ಬಡಿದು ಬಡಿದು ಕೇಳುತ್ತೇನೆ.
ಮೂವತ್ತು ವರ್ಷ ಮೈಕಿನವನ ಕಿವಿ ಇದು,
ಚಪ್ಪರದಲ್ಲಿ ಯಾವ ವಯರು ಸಡಿಲೆಂದು
ಹೋಳಿಗೆ ಬಡಿಸುವ ಗಲಾಟೆಯ ನಡುವೆ ಹೇಳಬಲ್ಲದು.
ಠಣ್ ಅಂದರೆ ತಗಡು.
ಡಬ್ ಅಂದರೆ ಬರೀ ಬಣ್ಣ.
ಠಣ್, ಠಣ್, ಠಣ್,
ಡ್ರೈವರ್ ಸೀಟಿನಡಿ
ಡಬ್.

"ಕಡಲಿನದ್ದಾ?" ಅಂದೆ. ಉಪ್ಪಳದಲ್ಲಿ ನನ್ನ ಮನೆಯಿಂದ
ಕಲ್ಲೆಸೆದರೆ ಕಡಲಿಗೆ ಬೀಳುತ್ತದೆ.
"ಕಡಲು ಪಾಪ, ಹೊರಗಿನಿಂದ ನೆಕ್ಕುತ್ತದೆ.
ಇದು ಒಳಗಿನದ್ದು." ಅಂದುಂಞಿ ಮ್ಯಾಟು ಎಳೆದ.
ವಾಸನೆ ಎದ್ದಿತು, ಒಂಬತ್ತು ವರ್ಷ ಹಿಂದಿನದ್ದು.
ನನಗಿಂತ ಮೊದಲು ಈ ವ್ಯಾನು ಕಸಬಾದ ಕಡಪ್ಪುರದಿಂದ
ಬೂತಾಯಿ ಹೊತ್ತದ್ದು. ಐಸು ಕರಗಿ ಉಪ್ಪುನೀರು
ಇಳಿಯಲು ಕಂಪೆನಿಯವರೇ ಬಿಟ್ಟ ತೂತುಗಳಿದ್ದವು.
ಚಂದಕ್ಕೆಂದು ಯಾರೋ ಟಾರು ಬಳಿದು ಮುಚ್ಚಿದರು.
ಯಾರೋ ಅಂದೆನಾ? ನಾನೇ.
ಕೊಂಡ ವರ್ಷ, ತಲಪಾಡಿಯಾಚೆಯ ಒಂದು ಶೆಡ್ಡಿನಲ್ಲಿ,
ಮುನ್ನೂರು ರೂಪಾಯಿ ಕಡಿಮೆಗೆ.
ಅಂದುಂಞಿಗೆ ಹೇಳಲಿಲ್ಲ. ಅವನಿಗೆ ಗೊತ್ತಿತ್ತು.

ತುಕ್ಕು, ಅನ್ನುತ್ತೇನೆ ನಾನು. ತುರುಂಬ್, ಅನ್ನುತ್ತಾನೆ ಅವನು.
ಒಡಿಶಾದ ಹುಡುಗ ಬಿಪಿನ, ಜಂಗ್ ಅನ್ನುತ್ತ
ಕನ್ನಡಕ ಏರಿಸಿ ವಯರು ಬ್ರಷ್ಷು ಒತ್ತುತ್ತಾನೆ.
ಯಾವ ಹೆಸರಿಗೂ ಓಗೊಡದೆ ಅದು ಉದುರುತ್ತದೆ
ಪದರ ಪದರವಾಗಿ, ನನ್ನ ಹಣೆಗೆ, ಅಂಗಿಯೊಳಕ್ಕೆ,
ಮಾತಾಡಲು ತೆರೆದ ಬಾಯಿಗೆ.
ಹಲ್ಲು ಒಡೆದಾಗಿನದ್ದೇ ರುಚಿ.

ಕೆರೆಯುತ್ತ ಹೋದಂತೆ ಹಿಂದಿನ ಚಕ್ರದ ಬಳಿ
ಒಂದು ತೇಪೆ. ರಿವೆಟು ಹೊಡೆದದ್ದು, ಮೀನಿನವನ ಕಾಲದ್ದು.
ಹಳದಿ ಮೈ, ಕೆಂಪು ಅಕ್ಷರ.
ಕತ್ತು ತಿರುಚಿ ಓದಿದೆ:

ಡಿಯಾರ ರಿಪೇ

ಗ ಇಲ್ಲ. ಕೊನೆಯ ರಿ ಇಲ್ಲ.
ಯಾವುದೋ ಅಂಗಡಿಯ ಬೋರ್ಡು, ಇಳಿಸಿದ ಮೇಲೆ ಗುಜರಿಗೆ,
ಗುಜರಿಯಿಂದ ಕತ್ತರಿಗೆ, ಅಲ್ಲಿಂದ ಇಲ್ಲಿಗೆ.
ಸುತ್ತ ಕಂಪೆನಿಯ ತಗಡು ಹಪ್ಪಳ.
ಅಕ್ಷರವಿದ್ದಲ್ಲಿ ಮಾತ್ರ ತುಕ್ಕಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದೆ.
"ಏನು ಬರೆದುಂಟು?" ಅಂದ ಅಂದುಂಞಿ.
ಕನ್ನಡ ನನಗಿಂತ ಚುರುಕಾಗಿ ಮಾತಾಡುತ್ತಾನೆ, ಓದಲು ಬಾರದು.
ಓದಿ ಹೇಳಿದೆ.
"ಹಳೇ ಎನಾಮಲು. ಸೀಸ ಉಂಟು ಅದರಲ್ಲಿ, ಅಷ್ಟೇ.
ಬೇರೆ ಏನೂ ಇಲ್ಲ. ಅಲ್ಲಿ ಮಲಗಿ ಅಳಬೇಡ ಮಾರಾಯ,
ಪೆಟ್ರೋಲ್ ಟ್ಯಾಂಕ್ ಬಿಚ್ಚು."

ಬೆಸುಗೆ ಹಿಡಿಯಬೇಕಾದರೆ ಅಂಚಿನ ಬಣ್ಣ ಹೋಗಲೇಬೇಕು.
ಗ್ರೈಂಡರು ಮೊದಲು ಡಿಯ ಗುಡಿಸು ತಿಂದಿತು, ಆಮೇಲೆ ಡ.
ಆ ಕಡೆಯಿಂದ ರಿಪೇ ಇಡೀ.
ನೀಲಿ ಬೆಳಕು. ಮುಖ ತಿರುಗಿಸಿದೆ.
ಮತ್ತೆ ನೋಡುವಾಗ ನಡುವೆ ಉಳಿದದ್ದು
ಯಾರ.
ಅದರ ಮೇಲೆ ರೆಡ್ ಆಕ್ಸೈಡು ಎರಡು ಕೈ, ಅದು ಒಣಗಿ ಕಪ್ಪು.
ಕಪ್ಪು ಬಳಿಯುವ ಮುಂಚೆ ಅಂದುಂಞಿ
ಐದು ತೂತಿಗೆ ಐದು ಬೀಡಿ ತುಂಡು ಸಿಕ್ಕಿಸಿದ,
ಆಮೇಲೆ ಒಂದೊಂದೇ ಕಿತ್ತ.
"ಸೋರಲಿ," ಅಂದ. "ಸೋರುವುದು ಒಳ್ಳೆಯದು."

ಭಾನುವಾರ ಪೈವಳಿಕೆಯ ಮದುವೆಗೆ ಸಾಮಾನು ಹೇರಿ ಹೊರಟೆ.
ಬಂದ್ಯೋಡು ದಾಟಿ ಒಂದು ಹಂಪು. ಹತ್ತಿ ಇಳಿಯಿತು.
ಒಂದು ಸದ್ದು ಕಡಿಮೆ.
ಒಂಬತ್ತು ವರ್ಷ ಜೊತೆಗಿದ್ದದ್ದು; ಯಾವುದೆಂದು
ಈ ಕಿವಿಗೂ ಹೇಳಲಾಗಲಿಲ್ಲ.

ಚಪ್ಪರದಲ್ಲಿ ಮೈಕು ತಟ್ಟಿ ಹಲೋ ಅಂದೆ.
ಬೆರಳಿಗೆ ಇನ್ನೂ ಟಾರಿನ ವಾಸನೆ.
ಹೊರಗೆ, ಬೆಳಿಗ್ಗೆ ತೊಳೆದ ನೀರು
ಆ ಐದು ತೂತುಗಳಿಂದ ತೊಟ್ಟು ತೊಟ್ಟಾಗಿ
ಮದುಮಗಳ ಅಂಗಳದ ರಂಗೋಲಿಗೆ ಇಳಿಯುತ್ತಿತ್ತು.
ಯಾರೋ ಕೂಗುತ್ತಿದ್ದರು,
"ಯಾರ ಗಾಡಿ ಇದು? ಯಾರ?"